ಎಲ್ಲ ಲೇಖನವೂ ಒಂದೇ ರಾತ್ರಿಗೆ ಹೋಗಿ ನಿಲ್ಲುತ್ತಿತ್ತು

(ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ಕೆಲವು ವಿವರಗಳನ್ನು ಬದಲಿಸಿ ಬರೆದಿದ್ದೇನೆ.)

ಬಯಲುಸೀಮೆಯ ಆರೋಗ್ಯ ಉಪಕೇಂದ್ರಗಳಲ್ಲಿ ಎಎನ್‌ಎಂ (ಹೆರಿಗೆ, ಲಸಿಕೆ ನೋಡಿಕೊಳ್ಳುವ ಆರೋಗ್ಯ ಸಹಾಯಕಿ) ಆಗಿ ದುಡಿದು ನಿವೃತ್ತರಾದವರು ಆಕೆ. ಊರವರಿಗೆ ಈಗಲೂ ‘ನರ್ಸಮ್ಮ’. ನಿದ್ದೆ ಬರುತ್ತಿಲ್ಲ ಎಂದು ನನ್ನ ಬಳಿ ಬಂದಿದ್ದರು. ಮಾತಾಡುತ್ತಾ ಹೋದಂತೆ ಚೀಲದಿಂದ ನೋಟ್‌ಬುಕ್ಕುಗಳು ಹೊರಬಂದವು. ಸೇವೆಯ ಅನುಭವಗಳನ್ನು ಬರೆದು ಪತ್ರಿಕೆಗೆ ಕಳಿಸಬೇಕೆಂಬುದು ಅವರ ಆಸೆ.

“ಬರೆಯೋಕೆ ಕೂತರೆ ಬರುತ್ತೆ ಮೇಡಂ. ಆದರೆ ಎಲ್ಲಿಂದ ಶುರು ಮಾಡಿದ್ರೂ ಅಲ್ಲಿಗೇ ಹೋಗುತ್ತೆ. ಆಮೇಲೆ ರಾತ್ರಿಯೆಲ್ಲ ಕಣ್ಣು ಮುಚ್ಚಲ್ಲ.”

‘ಅಲ್ಲಿ’ ಎಂದರೆ ಒಂದು ಹೆರಿಗೆಯ ರಾತ್ರಿ. ರಾಜ್ಯಕ್ಕೆ 108 ಆಂಬುಲೆನ್ಸ್ ಬಂದದ್ದು 2008ರಲ್ಲಿ. ಇದು ಅದಕ್ಕೂ ಹಿಂದಿನ ಮಾತು. ಮಗು ಹುಟ್ಟಿತು, ತಾಯಿಗೆ ರಕ್ತಸ್ರಾವ ನಿಲ್ಲಲಿಲ್ಲ. ಟ್ರ್ಯಾಕ್ಟರ್ ಹೊಂದಿಸಿ ತಾಲ್ಲೂಕು ಆಸ್ಪತ್ರೆಗೆ ಹೊರಟರು. ದಾರಿಯಲ್ಲೇ ಆ ತಾಯಿ ತೀರಿಕೊಂಡಳು. ಗಂಡು ಮಗು ಉಳಿಯಿತು.

ಅವರ ಬರಹಗಳನ್ನು ಅವರ ಜೊತೆಯಲ್ಲೇ ಓದಿದೆ. ಪಲ್ಸ್ ಪೋಲಿಯೊ ಬಗ್ಗೆ ಒಂದು ಲೇಖನವಿತ್ತು. ನಾಲ್ಕು ಐಸ್‌ಪ್ಯಾಕ್ ತುಂಬಿದ ಲಸಿಕೆಯ ಪೆಟ್ಟಿಗೆಯನ್ನು ಹೆಗಲಿಗೆ ಹಾಕಿಕೊಂಡು ಕಬ್ಬು ಕಡಿಯುವವರ ಗುಡಿಸಲು ಹುಡುಕಿ ಹೋಗುವುದು, ಹನಿ ಹಾಕಿಸಬೇಡಿ ಎಂದು ಬಾಗಿಲಿಗೆ ಅಡ್ಡ ನಿಂತ ಅಜ್ಜಿ ಕೊನೆಗೆ ತಾನೇ ಮೊಮ್ಮಗನ ಬಾಯಿ ತೆರೆದು ಹಿಡಿದದ್ದು. ಇಷ್ಟು ಚೆನ್ನಾಗಿ ಸಾಗಿದ ಬರಹ ಮೂರನೇ ಪುಟಕ್ಕೆ ಟ್ರ್ಯಾಕ್ಟರ್ ಹತ್ತುತ್ತಿತ್ತು. ಇನ್ನೊಂದನ್ನೂ ಗಮನಿಸಿದೆ. ಅಜ್ಜಿಯ ಬಗ್ಗೆ ಮನೆಮಾತಿನಲ್ಲಿ ಬರೆದವರು ಆ ರಾತ್ರಿಗೆ ಬಂದೊಡನೆ “ಪ್ರಥಮ ಚಿಕಿತ್ಸೆ ನೀಡಲಾಯಿತು, ಮೇಲಧಿಕಾರಿಗಳಿಗೆ ತಿಳಿಸಲಾಯಿತು” ಎಂದು ವರದಿ ಒಪ್ಪಿಸತೊಡಗುತ್ತಿದ್ದರು. ಅಲ್ಲಿ ಅವರೇ ಇರುತ್ತಿರಲಿಲ್ಲ. ಇಷ್ಟು ವರ್ಷವಾದರೂ ಯಾರಿಗೋ ವಿವರಣೆ ಕೊಡುತ್ತಲೇ ಇದ್ದಾರೆ ಎನ್ನಿಸಿ ನನಗೆ ಸಂಕಟವಾಯಿತು.

ಮೊದಲ ಸಲಹೆ: ಆ ರಾತ್ರಿಗೆ ಒಂದು ಬೇರೆ ನೋಟ್‌ಬುಕ್. ಅದು ಪತ್ರಿಕೆಗಲ್ಲ, ಮಕ್ಕಳಿಗೂ ಅಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾಲೇಜು ವಿದ್ಯಾರ್ಥಿಗಳು ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷ ತಮ್ಮ ಬದುಕಿನ ಆಘಾತದ ಬಗ್ಗೆ ಬರೆದರು. ನಡೆದದ್ದನ್ನೂ ಅನಿಸಿದ್ದನ್ನೂ ಸೇರಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ಆದರೆ ಬರೆದ ಆ ಹೊತ್ತಿಗೆ ಅವರ ಮನಸ್ಸು ಇನ್ನಷ್ಟು ಕುಗ್ಗಿತ್ತು. ಬರೆದರೆ ಎಲ್ಲವೂ ಹಗುರಾಗುತ್ತದೆ ಎಂದು ಸಲೀಸಾಗಿ ಹೇಳುವವರು ಈ ಎರಡನೆಯದನ್ನು ಬಿಟ್ಟುಬಿಡುತ್ತಾರೆ. ಹಾಗಾಗಿ ಬೆಳಿಗ್ಗೆಯೇ ಬರೆಯಿರಿ, ಗಡಿಯಾರ ನೋಡಿ ನಿಲ್ಲಿಸಿ, ನಿದ್ದೆ ಇನ್ನೂ ಕೆಟ್ಟರೆ ಬಿಟ್ಟು ನನಗೆ ಫೋನ್ ಮಾಡಿ ಎಂದೆ. “ಏನಾಯಿತು ಎಂದಲ್ಲ, ನಿಮಗೆ ಏನಾಯಿತು ಅಂತ ಬರೀರಿ” ಎಂದಾಗ ಅವರು ಬಹಳ ಹೊತ್ತು ಮಾತಾಡಲಿಲ್ಲ.

ಪತ್ರಿಕೆಯ ಬರಹದ ಕೆಲಸ ಇದಕ್ಕಿಂತ ಸುಲಭವಾಗಿತ್ತು. ನೆನಪಾದ ಪ್ರತಿ ಘಟನೆಯನ್ನೂ ಒಂದೊಂದು ಚೀಟಿಯಲ್ಲಿ ಎರಡೇ ಸಾಲು ಬರೆಯಿರಿ. ಒಂದು ಲೇಖನಕ್ಕೆ ಒಂದೇ ಘಟನೆ, ಅದಕ್ಕೆ ಆಸರೆಯಾಗಿ ಬೇಕಿದ್ದರೆ ಇನ್ನೊಂದು ಚೀಟಿ. ಸೇವೆಗೆ ಸೇರಿದ ಇಸವಿಯಿಂದ ಆರಂಭಿಸಬೇಡಿ, ಅಜ್ಜಿ ಬಾಗಿಲಲ್ಲಿ ನಿಂತಲ್ಲಿಂದ ಆರಂಭಿಸಿ. ಬರೆದದ್ದನ್ನು ಗಟ್ಟಿಯಾಗಿ ಓದಿ. ನಾಲಿಗೆ ತೊಡರಿದ ಕಡೆ ವರದಿಯ ಭಾಷೆ ನುಸುಳಿರುತ್ತದೆ. ಕಳಿಸುವ ಪತ್ರಿಕೆಯ ಅಂಕಣ ಎಷ್ಟು ಉದ್ದವಿರುತ್ತದೆ ನೋಡಿಕೊಂಡು ಅಷ್ಟಕ್ಕೇ ನಿಲ್ಲಿಸಿ. ದೇಶದ ಕೊನೆಯ ಕಾಡು ಪೋಲಿಯೊ (ಸಹಜವಾಗಿ ಹರಡುವ ವೈರಸ್‌ನಿಂದ ಬರುವ ಪೋಲಿಯೊ) ಪ್ರಕರಣ ವರದಿಯಾದದ್ದು 2011ರ ಜನವರಿಯಲ್ಲಿ, ಮೂರು ವರ್ಷದ ಮೇಲೆ ಪೋಲಿಯೊ ಮುಕ್ತ ಎಂಬ ಪ್ರಮಾಣಪತ್ರ ಬಂತು. ಅಂಥ ಸಾಧನೆಯ ಹಿಂದಿನ ನಡಿಗೆಯನ್ನು ನಡೆದವರೇ ಬರೆಯಬೇಕು ಎಂದು ನಾನು ಮನಸಾರೆ ನಂಬಿದ್ದೇನೆ.

ಹೆಚ್ಚು ಹೊತ್ತು ಚರ್ಚಿಸಿದ್ದು ಬೇರೆಯವರ ಗುಟ್ಟಿನ ಬಗ್ಗೆ. ನರ್ಸಮ್ಮನನ್ನು ನಂಬಿ ಹೆಂಗಸರು ಗಂಡನಿಗೂ ಹೇಳದ್ದನ್ನು ಹೇಳಿರುತ್ತಾರೆ. ಹೆಸರು ಬದಲಿಸಿದರೆ ಸಾಲದು. ಸಣ್ಣ ಊರಿನಲ್ಲಿ ‘ಕೆರೆ ಪಕ್ಕದ ಮನೆ, ಮೂರು ಹೆಣ್ಣು ಮಕ್ಕಳು’ ಎಂದರೆ ಎಲ್ಲರಿಗೂ ಗೊತ್ತಾಗುತ್ತದೆ. ಊರು, ಕಾಲ, ಮಕ್ಕಳ ಸಂಖ್ಯೆ, ಜಾತಿ ತೋರಿಸುವ ಸುಳಿವು ಎಲ್ಲವನ್ನೂ ಬದಲಿಸಿ, ಬದಲಿಸಿದ್ದೇನೆಂದು ಓದುಗರಿಗೂ ತಿಳಿಸಿ. ಕೇಳಬಹುದಾದವರನ್ನು ಕೇಳಿಯೇ ಬರೆಯಿರಿ. ಬರೆದದ್ದನ್ನು ಆ ಹೆಂಗಸು ಓದಿದರೆ ನಿಮ್ಮ ಮುಖ ನೋಡಿ ಮಾತಾಡಿಸುತ್ತಾಳೆಯೇ ಎಂದು ಕೇಳಿದೆ. ಎರಡು ಚೀಟಿಗಳನ್ನು ಅವರೇ ಹರಿದುಹಾಕಿದರು.

ಅಜ್ಜಿಯ ಲೇಖನ ಒಂದು ದಿನಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಬಂತು. ಇನ್ನೊಂದಕ್ಕೆ ಉತ್ತರ ಬರಲಿಲ್ಲ. ಅದನ್ನು ತಿದ್ದಿ ಬೇರೆ ಕಡೆ ಕಳಿಸಿದ್ದಾರೆ. ನಿದ್ದೆ ಪೂರ್ತಿ ಸರಿಹೋಗಿಲ್ಲ, ಮೊದಲಿಗಿಂತ ವಾಸಿ. ಬೇರೆ ನೋಟ್‌ಬುಕ್ಕಿನಲ್ಲಿ ಆ ರಾತ್ರಿಯನ್ನು ‘ನಾನು’ ಎಂದೇ ಬರೆದಿದ್ದಾರೆ. ಮುಂದೊಮ್ಮೆ ಅದನ್ನೂ ಪ್ರಕಟಿಸಬೇಕು ಅನ್ನಿಸಿದೆಯಂತೆ. ಆದರೆ ಅಂದು ಉಳಿದ ಹುಡುಗ ಈಗ ದೊಡ್ಡವನಾಗಿದ್ದಾನೆ, ಅವನನ್ನು ಕೇಳದೆ ಕಳಿಸಬಾರದು ಎಂದು ಅವರೇ ತೀರ್ಮಾನಿಸಿದರು. ಕೇಳುವುದು ಹೇಗೆ, ಅವನು ಬೇಡವೆಂದರೆ ಏನು ಎಂಬುದನ್ನು ಮುಂದಿನ ಭೇಟಿಯಲ್ಲಿ ಮಾತಾಡಲಿದ್ದೇವೆ.