ಮೊಬೈಲಿಗೆ ನೂರು, ಪಿಎಸ್‌ಗೆ ಮೂರು!

ಪ್ರಶ್ನೆ: ಸರ್, ನಮ್ಮಲ್ಲಿ 100 ಎಂಬಿಪಿಎಸ್ ಫೈಬರ್ ಉಂಟು. ಚಾವಡಿಯಲ್ಲಿ ಕೂತು ಮೊಬೈಲಲ್ಲಿ ನೋಡಿದರೆ ಪೂರ್ತಿ ನೂರು ಬರುತ್ತದೆ. ಮಹಡಿಯಲ್ಲಿರುವ ಮಗನ ಹಳೇ ಪ್ಲೇಸ್ಟೇಷನ್ ಆಟದ ಡಬ್ಬ, ಪಿಎಸ್4ನಲ್ಲಿ ಮಾತ್ರ ಮೂರೋ ನಾಲ್ಕೋ. ಆಟದ ನಡುವೆ ಕಟ್ ಆಗುತ್ತದೆ, ಅವನ ಕೂಗಾಟ ಕೇಳಲಿಕ್ಕಾಗುವುದಿಲ್ಲ. ನೆಟ್‌ನವರು ಬಂದು ‘ನಮ್ಮದು ಸರಿ ಉಂಟು’ ಅಂತ ಹೇಳಿ ಹೋದರು. 200ರ ಪ್ಲ್ಯಾನ್ ಹಾಕಿಸಬೇಕಾ?
- ಒಬ್ಬ ತಾಯಿ, ಕುಂಜಿಬೆಟ್ಟು, ಉಡುಪಿ

ಉತ್ತರ: ಬೇಡ ಮಾರಾಯ್ರೆ, ದುಡ್ಡು ದಂಡ. ನೆಟ್‌ನವರು ಹೇಳಿದ್ದು ಈ ಸಲ ನಿಜವೇ ಇರಬೇಕು. ಫೈಬರ್ ನಿಮ್ಮ ಚಾವಡಿವರೆಗೆ ಸರಿಯಾಗಿಯೇ ಬರುತ್ತಿದೆ, ಅಲ್ಲಿಂದ ಮಹಡಿಗೆ ಹೋಗುವಾಗ ಸೊರಗುತ್ತಿದೆ. ಮನೆ ಮುರಕಲ್ಲಿನದ್ದು ಅಂತ ನೀವು ಬರೆದಿಲ್ಲ, ಆದರೆ ನಮ್ಮ ಕಡೆಯ ಹಳೇ ಮನೆ ಅಂದರೆ ಬಹುತೇಕ ಅದೇ ಅಲ್ವಾ? ಅಷ್ಟು ದಪ್ಪದ ಗೋಡೆ, ಮೇಲೆ ಕಾಂಕ್ರೀಟ್ ಸ್ಲ್ಯಾಬ್, ಇವನ್ನು ದಾಟುವಷ್ಟರಲ್ಲಿ ವೈಫೈ ಅರೆಜೀವ ಆಗಿರುತ್ತದೆ.

ಮೊದಲು ಒಂದು ಪರೀಕ್ಷೆ ಮಾಡಿ. ಮಗನಿಗೆ ಹೇಳಿ ಪಿಎಸ್4 ಅನ್ನು ಕೆಳಗೆ ತರಿಸಿ, ಚಾವಡಿಯ ಟಿವಿಗೆ ಹಾಕಿ, ರೌಟರಿನಿಂದ ಸೀದಾ ಲ್ಯಾನ್ ಕೇಬಲ್ ಕೊಡಿ. ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್‌ಗೆ ಹೋಗಿ ‘ಟೆಸ್ಟ್ ಇಂಟರ್ನೆಟ್ ಕನೆಕ್ಷನ್’ ಒತ್ತಿ. ವೇಗ ಚೆನ್ನಾಗಿ ಬಂದರೆ ದೋಷ ವೈಫೈಯದ್ದು. ಕೇಬಲ್ ಹಾಕಿದರೂ ಮೂರೇ ಬಂದರೆ ಬೇರೆ ಕೇಬಲ್ ಹಾಕಿ ನೋಡಿ, ರೌಟರಿನ ಬೇರೆ ಪೋರ್ಟಿಗೂ ಚುಚ್ಚಿ ನೋಡಿ, ಆಮೇಲೆ ನೆಟ್‌ನವರನ್ನು ಕರೆಯಿರಿ. ಈ ಒಂದು ಕೆಲಸ ಮಾಡದೆ ಜನ ಸುಮ್ನೆ ಪ್ಲ್ಯಾನ್ ಬದಲಿಸುತ್ತಾರೆ, ರೌಟರ್ ಬದಲಿಸುತ್ತಾರೆ, ಕೊನೆಗೆ ಮಗನಿಗೂ ಬೈಯುತ್ತಾರೆ.

ಇನ್ನೊಂದು ವಿಷಯ. 2013ರಲ್ಲಿ ಬಂದ ಮೊದಲ ಪಿಎಸ್4ಗೆ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಗೊತ್ತು. 2016ರಲ್ಲಿ ಸ್ಲಿಮ್ ಮತ್ತು ಪ್ರೊ ಬಂದ ಮೇಲೆಯೇ ಪಿಎಸ್4ಗೆ 5 ಗಿಗಾಹರ್ಟ್ಸ್ ಸಿಕ್ಕಿದ್ದು. ನಿಮ್ಮ ಮೊಬೈಲ್ ಬಹುಶಃ 5ರಲ್ಲಿ ಓಡುತ್ತಿದೆ, ಅದಕ್ಕೇ ನೂರು. 2.4 ದೂರ ಹೋಗುತ್ತದೆ ನಿಜ, ಆದರೆ ಅದರಲ್ಲಿ ಗಲಾಟೆ ಜಾಸ್ತಿ: ಅಕ್ಕಪಕ್ಕದ ಮನೆಗಳ ವೈಫೈ, ಮೈಕ್ರೋವೇವ್, ಬ್ಲೂಟೂತ್ ಎಲ್ಲ ಅಲ್ಲೇ. ರೌಟರಿನ ಸೆಟ್ಟಿಂಗ್‌ನಲ್ಲಿ 2.4ರ ಚಾನೆಲ್ ಅನ್ನು 1, 6 ಅಥವಾ 11ಕ್ಕೆ ಬದಲಿಸಿ ನೋಡಬಹುದು, ಈ ಮೂರು ಒಂದರ ಮೇಲೊಂದು ಬೀಳುವುದಿಲ್ಲ. ಸ್ವಲ್ಪ ಸುಧಾರಿಸಬಹುದು, ಪವಾಡ ಆಗದು.

ನಿಜವಾದ ಮದ್ದು ಕೇಬಲ್ಲೇ. ಕ್ಯಾಟ್ 6 ಕೇಬಲ್ ತಂದು, ಮೆಟ್ಟಿಲಿನ ಬದಿಯಿಂದ ಮೇಲೆ ಎಳೆಸಿ. 100 ಮೀಟರ್ ತನಕ ವೇಗ ಇಳಿಯುವುದಿಲ್ಲ, ನಿಮಗೆ 20 ಮೀಟರ್ ಬೇಕಾದರೆ ಹೆಚ್ಚು. ಕರೆಂಟ್ ವಯರಿನ ಪೈಪಿನೊಳಗೆ ಮಾತ್ರ ತುರುಕಬೇಡಿ. ಕೇಬಲ್ ಎಳೆಯುವುದು ಸಾಧ್ಯವೇ ಇಲ್ಲ ಅಂದರೆ ಮೆಶ್ ರೌಟರ್ (ಎರಡು ಮೂರು ಡಬ್ಬ ಸೇರಿ ಮನೆಯಿಡೀ ಒಂದೇ ವೈಫೈ ಹರಡುವಂಥದ್ದು) ತೆಗೊಳ್ಳಿ. ಅಗ್ಗದ ರಿಪೀಟರ್ ಬೇಡ, ಹೆಚ್ಚಿನವು ಒಂದೇ ಬ್ಯಾಂಡಿನಲ್ಲಿ ಕೇಳಿಸಿಕೊಂಡು ಅದರಲ್ಲೇ ಮತ್ತೆ ಕಳಿಸುವುದರಿಂದ ವೇಗ ಅರ್ಧ ಆಗಿಬಿಡುತ್ತದೆ.

ಆಟ ಆಡಲಿಕ್ಕೆ ನೂರೂ ಬೇಡ, ಗೊತ್ತಾ? ಹೆಚ್ಚಿನ ಆಟಗಳಿಗೆ 1 ಎಂಬಿಪಿಎಸ್ ಸಾಕು, ಅದು ಬಿಟ್ಟು ಬಿಟ್ಟು ಬರದೆ ಒಂದೇ ಸಮ ಬರಬೇಕು ಅಷ್ಟೆ. ನೂರು ಬೇಕಾಗುವುದು ಆಟ ಡೌನ್‌ಲೋಡ್ ಮಾಡುವಾಗ. ಹಾಗೇ ಅವನು ಆಡುವ ಹೊತ್ತಿಗೆ ಮನೆಯವರ ಮೊಬೈಲಿನಿಂದ ಮದುವೆ ವಿಡಿಯೋ ಎಲ್ಲ ಬ್ಯಾಕಪ್ ಆಗುತ್ತಿದ್ದರೆ ಪಿಂಗ್, ಅಂದರೆ ಆಟದ ಸರ್ವರಿಗೆ ಹೋಗಿ ಬರುವ ಸಮಯ, ಏರುತ್ತದೆ. ಅದನ್ನು ರಾತ್ರಿಗೆ ಇಡಿ.

ಪ್ರಶ್ನೆ: ಪಿಎಸ್5ನಲ್ಲಿ ‘ನ್ಯಾಟ್ ಟೈಪ್ 3’ ಅಂತ ಬರ್ತದೆ. ಫ್ರೆಂಡ್ಸ್ ಜೊತೆ ಮಾತಾಡಲಿಕ್ಕೆ ಆಗ್ತಾ ಇಲ್ಲ, ಪಾರ್ಟಿಗೆ ಸೇರಲಿಕ್ಕೂ ಆಗುವುದಿಲ್ಲ. ಡಿಎನ್‌ಎಸ್ 8.8.8.8 ಹಾಕಿದೆ, ಏನೂ ಆಗಲಿಲ್ಲ ಅಣ್ಣ.
- ಪಿಯುಸಿ ವಿದ್ಯಾರ್ಥಿ, ಬಿಜೈ, ಮಂಗಳೂರು

ಉತ್ತರ: ಆಗುವುದೂ ಇಲ್ಲ ತಮ್ಮಾ. ಡಿಎನ್‌ಎಸ್ ಅಂದರೆ ಹೆಸರು ಕೊಟ್ಟರೆ ವಿಳಾಸ ಹುಡುಕಿ ಕೊಡುವ ಕೆಲಸ ಅಷ್ಟೆ, ಅದಕ್ಕೂ ನ್ಯಾಟ್‌ಗೂ ಸಂಬಂಧ ಇಲ್ಲ. ನ್ಯಾಟ್ ಅಂದರೆ ಮನೆಯ ಎಲ್ಲ ಸಾಧನಗಳೂ ಹೊರಗೆ ಒಂದೇ ವಿಳಾಸದಿಂದ ಹೋಗುವಂತೆ ರೌಟರ್ ಮಾಡುವ ಏರ್ಪಾಡು, ಟೈಪ್ 3 ಅಂದರೆ ಹೊರಗಿನವರು ನಿನ್ನನ್ನು ತಲುಪುವ ಬಾಗಿಲು ಬಿಗಿ ಅಂತ. ಯೂಟ್ಯೂಬಿನಲ್ಲಿ ಎಲ್ಲ ರೋಗಕ್ಕೂ ಅದೇ ಮಾತ್ರೆ ಕೊಡ್ತಾರೆ.

ನಿನ್ನಲ್ಲಿ ಎರಡು ಡಬ್ಬ ಉಂಟಾ ನೋಡು: ನೆಟ್‌ನವರು ಕೊಟ್ಟ ಫೈಬರ್ ಮೋಡೆಮ್ ಒಂದು, ನೀನು ತಂದ ರೌಟರ್ ಇನ್ನೊಂದು. ಎರಡೂ ರೌಟರ್ ಕೆಲಸ ಮಾಡುತ್ತಿದ್ದರೆ ಡಬಲ್ ನ್ಯಾಟ್ ಆಗುತ್ತದೆ. ನಿನ್ನ ರೌಟರನ್ನು ಬರೀ ವೈಫೈ ಹರಡುವ ‘ಆಕ್ಸೆಸ್ ಪಾಯಿಂಟ್’ ಮೋಡ್‌ಗೆ ಹಾಕು, ಇಲ್ಲದಿದ್ದರೆ ಮೋಡೆಮ್ಮನ್ನು ಬ್ರಿಡ್ಜ್ ಮೋಡ್‌ಗೆ (ರೌಟರ್ ಕೆಲಸ ಬಿಟ್ಟು ಬರೀ ನೆಟ್ ದಾಟಿಸುವುದಕ್ಕೆ) ಹಾಕಿಕೊಡಿ ಅಂತ ಅವರಿಗೇ ಹೇಳು. ಆಮೇಲೆ ರೌಟರ್ ಕೆಲಸ ಮಾಡುವ ಡಬ್ಬದಲ್ಲಿ ಯುಪಿಎನ್‌ಪಿ (ಆಟಕ್ಕೆ ಬೇಕಾದ ಬಾಗಿಲು ತಾನಾಗಿ ತೆರೆಯುವ ಸೌಲಭ್ಯ) ಆನ್ ಇದೆಯಾ ನೋಡಿ, ಪಿಎಸ್5 ಆಫ್ ಮಾಡಿ ಆನ್ ಮಾಡು. ಟೈಪ್ 2 ಬಂದರೆ ಸಾಕು, 1ಕ್ಕೆ ಒದ್ದಾಡಬೇಡ.

ಆದರೂ 3 ಇದ್ದರೆ, ಅದೇ ಡಬ್ಬದ ಸೆಟ್ಟಿಂಗ್ ಪೇಜಿನಲ್ಲಿ ವ್ಯಾನ್ ಐಪಿ, ಅಂದರೆ ನೆಟ್‌ನವರು ಅದಕ್ಕೆ ಕೊಟ್ಟ ವಿಳಾಸ, ನೋಡು. ಅದು 100.64ರಿಂದ 100.127ರ ಒಳಗೆ ಶುರುವಾಗುತ್ತಿದ್ದರೆ ನೀನು ಸಿಜಿನ್ಯಾಟ್ ಹಿಂದೆ ಇದ್ದೀಯ. ಅಂದರೆ ಒಂದೇ ಐಪಿಯನ್ನು ತುಂಬ ಮನೆಗಳಿಗೆ ಹಂಚಿದ್ದಾರೆ. ಪೋರ್ಟ್ ಫಾರ್ವರ್ಡಿಂಗ್ (ರೌಟರಿನಲ್ಲಿ ನಾವೇ ಬಾಗಿಲು ತೆರೆಯುವುದು) ಎಷ್ಟು ಮಾಡಿದರೂ ಅಲ್ಲಿ ನಡೆಯುವುದಿಲ್ಲ. ‘ಪಬ್ಲಿಕ್ ಐಪಿ ಬೇಕು’ ಅಂತ ಕೇಳಬೇಕು. ಕೆಲವರು ಸುಮ್ನೆ ಕೊಡ್ತಾರೆ, ಕೆಲವರು ತಿಂಗಳಿಗೆ ಇಷ್ಟು ಅಂತ ಕೇಳ್ತಾರೆ, ಹಾಗಾಗಿ ಅಪ್ಪನ ಹತ್ತಿರ ಮೊದಲೇ ಮಾತಾಡಿಕೋ.

ಪ್ರಶ್ನೆ: ಗುಡುಗು ಮಳೆಗೆ ಎಕ್ಸ್‌ಬಾಕ್ಸ್ ಪ್ಲಗ್ ಕೀಳುತ್ತೇವೆ. ಫೈಬರ್ ಆದ್ದರಿಂದ ನೆಟ್ ವಯರ್ ತೆಗೆಯುವುದು ಬೇಡ ಅಲ್ವಾ?
- ಓದುಗರು, ಸುರತ್ಕಲ್

ಉತ್ತರ: ತೆಗೆಯಲೇಬೇಕು. ಫೈಬರಿನ ಗಾಜಿನಲ್ಲಿ ಕರೆಂಟ್ ಹರಿಯುವುದಿಲ್ಲ, ಸರಿ. ಆದರೆ ಕೆಲವು ಫೈಬರ್ ಕೇಬಲ್‌ಗೆ ಆಸರೆಗೆ ಉಕ್ಕಿನ ತಂತಿ ಇರುತ್ತದೆ, ಮೋಡೆಮ್ ಅಡಾಪ್ಟರ್ ಗೋಡೆಯ ಪ್ಲಗ್ಗಿನಲ್ಲಿರುತ್ತದೆ, ಅಲ್ಲಿಂದ ಎಕ್ಸ್‌ಬಾಕ್ಸಿಗೆ ಬರುವ ಲ್ಯಾನ್ ಕೇಬಲ್ ತಾಮ್ರದ್ದು. ಸಿಡಿಲು ಯಾವ ದಾರಿಯಿಂದಲೂ ಬರಬಹುದು. ಏಪ್ರಿಲ್-ಮೇಯ ಸಂಜೆ ಮಳೆಗೂ ಅಕ್ಟೋಬರಿನ ಮಳೆಗೂ, ಮೋಡ ಕವಿದು ಗುಡುಗು ದೂರದಲ್ಲಿ ಕೇಳಿಸುವಾಗಲೇ ಪ್ಲಗ್ಗು, ಲ್ಯಾನ್ ಎರಡೂ ಕಿತ್ತುಬಿಡಿ, ತಲೆಮೇಲೆ ಬಂದಾಗ ಮುಟ್ಟಲಿಕ್ಕೆ ಹೋಗಬೇಡಿ. ಮಳೆ ನಿಂತ ಮೇಲೆ ಮೋಡೆಮ್ಮಿನಲ್ಲಿ ‘ಲಾಸ್’ (LOS) ದೀಪ ಕೆಂಪಗೆ ಮಿನುಗುತ್ತಿದ್ದರೆ ಫೈಬರ್ ಎಲ್ಲೋ ತುಂಡಾಗಿದೆ ಅಂತ ಅರ್ಥ, ಹೆಚ್ಚಾಗಿ ತೆಂಗಿನ ಗರಿಯೋ ಮರದ ಕೊಂಬೆಯೋ ಬಿದ್ದಿರುತ್ತದೆ. ಆಗ ಎಕ್ಸ್‌ಬಾಕ್ಸ್ ಸೆಟ್ಟಿಂಗ್ ಕೆದಕಬೇಡಿ, ನೆಟ್‌ನವರಿಗೆ ಫೋನ್ ಮಾಡಿ.