ಪಟ್ಟಿ ಮೇಗನ್‌ಗಿಂತ ಮೊದಲೇ ಇತ್ತು
ಅಮೆರಿಕದ ಲೈಂಗಿಕ ಅಪರಾಧಿಗಳ ಪಟ್ಟಿ ಶುರುವಾಗಿದ್ದು ಮೇಗನ್ ಕಾಂಕಾ ಕೊಲೆಯಿಂದಲೇ ಅಲ್ವಾ ಅಂತ ಕೇಳಿದ್ದೀರಿ. ಪೂರ್ತಿ ಹಾಗಲ್ಲ. ಕ್ಯಾಲಿಫೋರ್ನಿಯಾದಲ್ಲಿ 1947ರಿಂದಲೇ ಪಟ್ಟಿ ಇತ್ತು. ಎಲ್ಲ ರಾಜ್ಯಗಳೂ ಪಟ್ಟಿ ಇಡಬೇಕು ಅಂದ 1994ರ ಕಾನೂನಿಗೆ ಕಾರಣ ಜೇಕಬ್ ವೆಟರ್ಲಿಂಗ್, 11 ವರ್ಷದ ಹುಡುಗ. 1989ರ ಅಕ್ಟೋಬರ್‌ನ ಒಂದು ರಾತ್ರಿ ಮಿನ್ನೆಸೋಟದಲ್ಲಿ ತಮ್ಮ ಮತ್ತು ಗೆಳೆಯನ ಜೊತೆ ವಿಡಿಯೊ ಕ್ಯಾಸೆಟ್ ತಗೊಂಡು ಮನೆಗೆ ಬರುತ್ತಿದ್ದ. ಮುಸುಕು ಹಾಕಿದ್ದವನೊಬ್ಬ ಬಂದೂಕು ತೋರಿಸಿ, ಉಳಿದಿಬ್ಬರಿಗೆ ತಿರುಗಿ ನೋಡದೆ ಓಡಿ ಅಂದ. ಜೇಕಬ್ ಸಿಕ್ಕಿದ್ದು 2016ರಲ್ಲಿ, ಮೂಳೆಗಳಾಗಿ. ನೆನೆದರೆ ಈಗಲೂ ಕರುಳು ಹಿಂಡುತ್ತದೆ.

ಮೇಗನ್‌ಗೆ 7 ವರ್ಷ. 1994ರ ಜುಲೈನಲ್ಲಿ, ನ್ಯೂಜೆರ್ಸಿಯಲ್ಲಿ, ನಾಯಿಮರಿ ತೋರಿಸ್ತೀನಿ ಅಂತ ಎದುರು ಮನೆಯವನು ಕರೆದ. ಹಿಂದೆ ಎರಡು ಸಲ ಶಿಕ್ಷೆಯಾಗಿದ್ದವನು. ಅದು ಅಪ್ಪ-ಅಮ್ಮನಿಗೆ ಗೊತ್ತೇ ಇರಲಿಲ್ಲ. ಅವಳ ಹೆಸರಿನ 1996ರ ಕಾನೂನು ಬದಲಿಸಿದ್ದು ಇದನ್ನೇ: ಪೊಲೀಸರ ಬಳಿ ಇದ್ದ ಮಾಹಿತಿಯನ್ನು ಜನರಿಗೂ ತಿಳಿಸಬೇಕಾಯಿತು.