ಮುಂಬೈಯ ಕನ್ನಡ ಮಾಧ್ಯಮ ಹೈಸ್ಕೂಲಿನಲ್ಲಿ ಪಠ್ಯಕ್ರಮ ಯಾವ ರಾಜ್ಯದ್ದು? ಮುಂದೆ ಕಾಲೇಜಿಗೆ ತೊಂದರೆಯಾಗುತ್ತದೆಯೇ?

ಪಠ್ಯಕ್ರಮ ಮಹಾರಾಷ್ಟ್ರದ್ದು, ಕಲಿಸುವ ಭಾಷೆ ಮಾತ್ರ ಕನ್ನಡ. ಹತ್ತನೆಯ ಪರೀಕ್ಷೆ ನಡೆಸುವುದು ಮಹಾರಾಷ್ಟ್ರ ಬೋರ್ಡ್. ಮರಾಠಿ ಮಾಧ್ಯಮದವರು ಓದುವ ಗಣಿತ, ವಿಜ್ಞಾನದ ಪುಸ್ತಕವನ್ನೇ ರಾಜ್ಯದ ಪಠ್ಯಪುಸ್ತಕ ಸಂಸ್ಥೆಯಾದ ಪುಣೆಯ ಬಾಲಭಾರತಿ ಕನ್ನಡದಲ್ಲೂ ಅಚ್ಚು ಹಾಕುತ್ತದೆ. ಹಾಗಾಗಿ ಹನ್ನೊಂದನೆಯ ಪ್ರವೇಶದಲ್ಲಿ ಕನ್ನಡ ಮಾಧ್ಯಮದವರೆಂದು ಹಿನ್ನಡೆಯೇನೂ ಇಲ್ಲ.

ಕನ್ನಡದ ಜೊತೆಗೆ ಮರಾಠಿ, ಇಂಗ್ಲಿಷ್ ಇರುತ್ತವೆ. ಮರಾಠಿಯನ್ನು 2020ರ ಕಾಯ್ದೆ ಎಲ್ಲ ಮಾಧ್ಯಮದ ಶಾಲೆಗಳಿಗೂ ಕಡ್ಡಾಯ ಮಾಡಿದೆ. ಗಣಿತಕ್ಕೆ ಬೀಜಗಣಿತ, ರೇಖಾಗಣಿತ ಎಂದು 40 ಅಂಕಗಳ ಎರಡು ಪತ್ರಿಕೆ, ಉಳಿದ 20 ಆಂತರಿಕ. ವಿಜ್ಞಾನವೂ ಹೀಗೆಯೇ ಎರಡು ಭಾಗ. ಊರಿಗೆ ಹೋದಾಗ ಹುಬ್ಬಳ್ಳಿಯಿಂದ ಎಸ್ಸೆಸ್ಸೆಲ್ಸಿ ಗೈಡ್ ತರುವವರಿದ್ದಾರೆ. ದುಡ್ಡು ದಂಡ, ಪಾಠಗಳೇ ಬೇರೆ. ಬಾಲಭಾರತಿಯ ಜಾಲತಾಣದಲ್ಲಿ ಪುಸ್ತಕದ ಪಿಡಿಎಫ್ ಪುಕ್ಕಟೆ ಸಿಗುತ್ತದೆ.

ನಿಜವಾದ ಕಷ್ಟ ಹನ್ನೊಂದನೆಯ ಸೈನ್ಸ್‌ನಲ್ಲಿ: ಅಲ್ಲಿ ಪಾಠ ಇಂಗ್ಲಿಷಿನಲ್ಲಿ. ವೇಗೋತ್ಕರ್ಷ ಗೊತ್ತಿದ್ದ ಹುಡುಗಿ ‘ಆಕ್ಸಿಲರೇಶನ್’ ಕೇಳಿ ತಬ್ಬಿಬ್ಬಾಗುತ್ತಾಳೆ. ಒಂಬತ್ತನೆಯಿಂದಲೇ ಇಂಗ್ಲಿಷ್ ಮಾಧ್ಯಮದ ಅದೇ ವಿಜ್ಞಾನ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು ಪ್ರತಿ ಪಾಠದ ಪಾರಿಭಾಷಿಕ ಪದಗಳನ್ನು ನೋಟ್‌ಬುಕ್ಕಿನಲ್ಲಿ ಎದುರುಬದುರು ಬರೆದುಕೊಳ್ಳಲಿ. ಪಾಠಗಳ ಕ್ರಮ ಒಂದೇ ಆದ್ದರಿಂದ ಹುಡುಕಾಟವಿಲ್ಲ.